ಬಟ್ಟೆ ಒಣಗದ ದಿನ ಗಟ್ಟಿಯಾಗುವ ಅಂಟು

ಕಿಂತ್ಸುಗಿ ಎಂದರೆ ಒಡೆದ ಬಟ್ಟಲಿನ ಬಿರುಕಿಗೆ ಕರಗಿದ ಚಿನ್ನ ಹೊಯ್ದು ಬೆಸೆಯುವುದು ಎಂದು ನಾನು ಬಹಳ ಕಾಲ ನಂಬಿದ್ದೆ. ಚಿತ್ರ ನೋಡಿದವರಿಗೆ ಹಾಗೆಯೇ ಅನ್ನಿಸುತ್ತದೆ. ಕಪ್ಪು ಬಟ್ಟಲು, ಅದರ ಮೈಮೇಲೆ ಮಿಂಚು ಹರಿದಂತೆ ಹೊನ್ನಿನ ಗೆರೆ. ಆದರೆ ಚಿನ್ನ ಕರಗಬೇಕಾದರೆ 1064 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಅಷ್ಟು ಬಿಸಿಯ ಲೋಹ ತಾಗಿದರೆ ಎರಡು ಚೂರಾಗಿದ್ದ ಬಟ್ಟಲು ಇಪ್ಪತ್ತು ಚೂರಾದೀತು. ಅಲ್ಲಿ ಚಿನ್ನ ಯಾವುದನ್ನೂ ಹಿಡಿದುಕೊಂಡಿಲ್ಲ. ಹಿಡಿದುಕೊಂಡಿರುವುದು ಒಂದು ಮರದ ಸೊನೆ ಮತ್ತು ಗೋಧಿ ಹಿಟ್ಟು. ಚಿನ್ನವೆಂಬುದು ಕೊನೆಯ ಅರ್ಧ ಗಂಟೆಯಲ್ಲಿ ಮೇಲಿನಿಂದ ಉದುರಿಸಿದ ಪುಡಿ, ಅಷ್ಟೇ.

ಜಪಾನೀ ಭಾಷೆಯಲ್ಲಿ ‘ಕಿನ್’ ಎಂದರೆ ಚಿನ್ನ, ‘ತ್ಸುಗಿ’ ಎಂದರೆ ಕೂಡಿಸುವುದು. ಹೆಸರಿನಲ್ಲಿ ಚಿನ್ನ ಮುಂದೆ ನಿಂತಿದೆ. ಕೆಲಸವೆಲ್ಲ ಮಾಡುವ ಉರುಶಿ ಎಂಬ ಆ ಸೊನೆಯ ಹೆಸರೇ ಇಲ್ಲ. ಮದುವೆಯ ಕರೆಯೋಲೆಯಲ್ಲಿ ಅಡುಗೆಯವರ ಹೆಸರು ಇರುವುದಿಲ್ಲವಲ್ಲ, ಹಾಗೆ. ಆದ್ದರಿಂದ ಈ ವಿದ್ಯೆ ಅರ್ಥವಾಗಬೇಕಾದರೆ ಚಿನ್ನವನ್ನು ಸದ್ಯಕ್ಕೆ ಮರೆತು ಉರುಶಿಯ ಬಳಿ ಹೋಗಬೇಕು.

ಉರುಶಿ ಎಂಬುದು ಚೀನಾ, ಕೊರಿಯಾ, ಜಪಾನ್‌ಗಳಲ್ಲಿ ಬೆಳೆಯುವ ಒಂದು ಮರದ ಹೆಸರೂ ಹೌದು, ಅದರ ಸೊನೆಯ ಹೆಸರೂ ಹೌದು. ಸಸ್ಯಶಾಸ್ತ್ರದ ಲೆಕ್ಕದಲ್ಲಿ ಅದು ಮಾವು, ಗೋಡಂಬಿ, ಕೇರು ಮರಗಳ ದಾಯಾದಿ. ಮಾವಿನಕಾಯಿಯ ತೊಟ್ಟು ಮುರಿದಾಗ ಚಿಮ್ಮುವ ಸೊನೆ ತುಟಿಗೆ ತಾಗಿ ಸುಟ್ಟುಕೊಂಡವರಿಗೆ ಈ ಕುಟುಂಬದ ಸ್ವಭಾವ ಗೊತ್ತೇ ಇದೆ. ಕೇರುಬೀಜದ ಎಣ್ಣೆಯಿಂದ ಅಗಸರು ಬಟ್ಟೆಗೆ ಅಳಿಸದ ಗುರುತು ಹಾಕುತ್ತಿದ್ದದ್ದು, ಗೋಡಂಬಿ ಸಿಪ್ಪೆಯ ಎಣ್ಣೆಯನ್ನು ಕರಾವಳಿಯವರು ದೋಣಿಯ ಹಲಗೆಗೆ ಬಳಿಯುತ್ತಿದ್ದದ್ದು, ಇವೆಲ್ಲ ಇದೇ ವಂಶದ ಗುಣಗಳು: ಅಂಟುತ್ತದೆ, ಕಪ್ಪಾಗುತ್ತದೆ, ನೀರನ್ನು ಒಳಗೆ ಬಿಡುವುದಿಲ್ಲ, ಮುಟ್ಟಿದವರ ಚರ್ಮವನ್ನು ಸುಮ್ಮನೆ ಬಿಡುವುದೂ ಇಲ್ಲ. ಉರುಶಿಯಲ್ಲಿ ಈ ಗುಣಗಳೆಲ್ಲ ಅತಿ ಎನ್ನುವಷ್ಟಿವೆ.

ಸೊನೆ ತೆಗೆಯುವವರು ಜೂನ್‌ನಿಂದ ಶರತ್ಕಾಲದವರೆಗೆ ಮರದ ತೊಗಟೆಯಲ್ಲಿ ಅಡ್ಡಗೆರೆ ಕೊರೆಯುತ್ತಾರೆ. ಒಂದು ಗೆರೆ ಕೊರೆದ ಮೇಲೆ ಮರಕ್ಕೆ ನಾಲ್ಕು ದಿನಗಳ ಬಿಡುವು. ಆಮೇಲೆ ಅದರ ಮೇಲೆ ಇನ್ನೊಂದು, ಮೊದಲಿನದಕ್ಕಿಂತ ತುಸು ಉದ್ದ. ಗಾಯವಾದ ಮರ ಗಾಯ ಮುಚ್ಚಿಕೊಳ್ಳಲು ಸೊನೆ ಒಸರುತ್ತದೆ. ಅದು ಗಟ್ಟಿಯಾಗುವ ಮೊದಲೇ ಕೆರೆದು ಡಬ್ಬಿಗೆ ಹಾಕಿಕೊಳ್ಳಬೇಕು. ಹತ್ತು ಹದಿನೈದು ವರ್ಷ ಬೆಳೆಸಿದ ಮರವೊಂದು ಇಡೀ ಹಂಗಾಮಿನಲ್ಲಿ ಕೊಡುವುದು ಸುಮಾರು 200 ಮಿಲಿಲೀಟರ್, ಅಂದರೆ ಒಂದು ದೊಡ್ಡ ಲೋಟದಷ್ಟು. ಜಪಾನಿನ ರೂಢಿಯಲ್ಲಿ ಆ ವರ್ಷವೇ ಮರವನ್ನು ಕಡಿದುಬಿಡುತ್ತಾರೆ. ಬುಡದಿಂದ ಹೊಸ ಚಿಗುರು ಬರುತ್ತದೆ, ಮತ್ತೆ ಹತ್ತು ವರ್ಷ ಕಾಯಬೇಕು. ಉತ್ತರದ ಇವಾತೆ ಪ್ರಾಂತ್ಯದ ಜೋಬೋಜಿ ಈ ಸೊನೆಗೆ ಹೆಸರಾದ ಊರು. ಆದರೆ ಜಪಾನಿನಲ್ಲಿ ಬಳಕೆಯಾಗುವ ಉರುಶಿಯ ಬಹುಪಾಲು ಇಂದು ಚೀನಾದಿಂದ ಬರುತ್ತದೆ.

ಇಲ್ಲಿ ಒಂದು ಗೊಂದಲವನ್ನು ಬಿಡಿಸಿಕೊಳ್ಳಬೇಕು. ಇಂಗ್ಲಿಷಿನವರು ಉರುಶಿಗೂ ಲ್ಯಾಕರ್ ಎನ್ನುತ್ತಾರೆ, ಚನ್ನಪಟ್ಟಣದ ಬೊಂಬೆಯ ಹೊಳಪಿಗೂ ಲ್ಯಾಕರ್ ಎನ್ನುತ್ತಾರೆ. ಆ ಪದದ ಬೇರು ನಮ್ಮ ‘ಲಾಕ್ಷಾ’, ಅಂದರೆ ಅರಗು. ಅರಗು ಕೀಟದಿಂದ ಬರುವಂಥದ್ದು. ತಿರುಗುವ ಬೊಂಬೆಗೆ ಒತ್ತಿ ಹಿಡಿದರೆ ತಿಕ್ಕಾಟದ ಬಿಸಿಗೇ ಕರಗಿ ಹತ್ತಿಕೊಳ್ಳುತ್ತದೆ, ಸ್ಪಿರಿಟ್‌ನಲ್ಲಿ ಕರಗುತ್ತದೆ. ಉರುಶಿಯ ಜಾತಿಯೇ ಬೇರೆ. ಅದು ಒಮ್ಮೆ ಗಟ್ಟಿಯಾದರೆ ಬಿಸಿಗೂ ಸ್ಪಿರಿಟ್‌ಗೂ ಆಮ್ಲಕ್ಕೂ ಮತ್ತೆ ದ್ರವವಾಗುವುದಿಲ್ಲ. (ಪಾಂಡವರಿಗೆ ಕಟ್ಟಿಸಿದ ಮನೆ ಅರಗಿನದಾಗಿರದೆ ಉರುಶಿಯದಾಗಿದ್ದರೆ ಪುರೋಚನ ತುಸು ಹೆಚ್ಚು ಪರದಾಡಬೇಕಾಗುತ್ತಿತ್ತೇನೋ.) 1873ರ ವಿಯೆನ್ನಾ ಪ್ರದರ್ಶನಕ್ಕೆ ಹೋಗಿದ್ದ ಜಪಾನೀ ವಸ್ತುಗಳನ್ನು ಮರಳಿ ತರುತ್ತಿದ್ದ ನೀಲ್ ಎಂಬ ಫ್ರೆಂಚ್ ಹಡಗು 1874ರಲ್ಲಿ ಇಜು ಕರಾವಳಿಯ ಬಳಿ ಮುಳುಗಿತು. ಒಂದು ವರ್ಷಕ್ಕೂ ಹೆಚ್ಚು ಕಾಲ ಉಪ್ಪುನೀರಿನಲ್ಲಿದ್ದ ಉರುಶಿ ಪಾತ್ರೆಗಳನ್ನು ಮೇಲೆತ್ತಿ ನೋಡಿದರೆ ಅವುಗಳ ಹೊಳಪು ಹೆಚ್ಚುಕಡಿಮೆ ಹಾಗೆಯೇ ಇತ್ತು. ಉರುಶಿಗೆ ನಿಜವಾದ ಶತ್ರು ಬಿಸಿಲು. ಸೂರ್ಯನ ನೇರಳಾತೀತ ಕಿರಣಕ್ಕೆ ಅದು ವರ್ಷಗಳಲ್ಲಿ ಮಂಕಾಗುತ್ತದೆ.

ಈಗ ಇಡೀ ವಿದ್ಯೆಯ ಕೀಲು ಎಲ್ಲಿದೆಯೋ ಅಲ್ಲಿಗೆ ಬರೋಣ. ಉರುಶಿ ಒಣಗುವುದಿಲ್ಲ.

ನಮಗೆ ತಿಳಿದ ಹೆಚ್ಚಿನ ಬಣ್ಣಗಳು, ಅಂಟುಗಳು ಒಳಗಿನ ನೀರೋ ಸ್ಪಿರಿಟ್ಟೋ ಆವಿಯಾದಾಗ ಗಟ್ಟಿಯಾಗುತ್ತವೆ. ಬಿಸಿಲಿಗಿಟ್ಟರೆ, ಫ್ಯಾನ್ ಹಾಕಿದರೆ ಬೇಗ. ಉರುಶಿಯದು ತದ್ವಿರುದ್ಧ. ಹಸಿ ಸೊನೆಯಲ್ಲಿ ಹೆಚ್ಚಿನ ಪಾಲು ಉರುಶಿಯಾಲ್ ಎಂಬ ಎಣ್ಣೆಯಂಥ ವಸ್ತು. ಅದರೊಳಗೆ ಕಣ್ಣಿಗೆ ಕಾಣದ ಸಣ್ಣ ಸಣ್ಣ ನೀರಿನ ಹನಿಗಳು ಹರಡಿಕೊಂಡಿವೆ, ಬೆಣ್ಣೆಯೊಳಗೆ ಮಜ್ಜಿಗೆ ಉಳಿದಿರುವಂತೆ. ಆ ಹನಿಗಳಲ್ಲಿ ಒಂದಿಷ್ಟು ಗೋಂದು, ಮತ್ತೆ ಅತ್ಯಲ್ಪ ಪ್ರಮಾಣದಲ್ಲಿ ಲ್ಯಾಕೇಸ್ ಎಂಬ ಕಿಣ್ವ. ಈ ಕಿಣ್ವದ ಒಡಲಲ್ಲಿ ತಾಮ್ರವಿದೆ. ಅದು ಗಾಳಿಯ ಆಮ್ಲಜನಕವನ್ನು ಹಿಡಿದು ಉರುಶಿಯಾಲ್‌ನ ಅಣುಗಳನ್ನು ಒಂದಕ್ಕೊಂದು ಕೊಂಡಿ ಹಾಕುತ್ತಾ ಹೋಗುತ್ತದೆ. ಕೊಂಡಿ ಬೆಳೆದು ಬಲೆಯಾಗಿ, ಬಲೆ ದಟ್ಟವಾಗಿ, ಕೊನೆಗೆ ದ್ರವವಾಗಿದ್ದದ್ದು ಕಲ್ಲಿನಂತಾಗುತ್ತದೆ. ಈ ಕಿಣ್ವವನ್ನು 1883ರಲ್ಲಿ ಉರುಶಿಯ ಸೊನೆಯಲ್ಲೇ ಮೊದಲು ಗುರುತಿಸಿದವರು ಹಿಕೊರೊಕುರೊ ಯೋಶಿದಾ ಎಂಬ ಜಪಾನೀ ರಸಾಯನಶಾಸ್ತ್ರಜ್ಞ.

ಕಿಣ್ವ ಕೆಲಸ ಮಾಡುವುದು ನೀರಿನಲ್ಲಿ. ಸುತ್ತಲಿನ ಹವೆ ಒಣಗಿದ್ದರೆ ಹನಿಗಳ ನೀರು ಹಾರಿಹೋಗುತ್ತದೆ, ಕಿಣ್ವ ಕೈಕಟ್ಟಿ ಕೂರುತ್ತದೆ, ಉರುಶಿ ವಾರಗಟ್ಟಲೆ ಅಂಟಂಟಾಗಿಯೇ ಇರುತ್ತದೆ. ಹವೆಯಲ್ಲಿ ಶೇಕಡಾ 70ರಿಂದ 85ರಷ್ಟು ತೇವ, 20ರಿಂದ 30 ಡಿಗ್ರಿ ಶಾಖ ಇದ್ದರೆ ಅದಕ್ಕೆ ಹಬ್ಬ. ಅಂದರೆ ಮಲೆನಾಡಿನ ಜುಲೈ ತಿಂಗಳು, ಅಟ್ಟದ ಮೇಲೆ ಹರವಿದ ಬಟ್ಟೆ ಮೂರು ದಿನವಾದರೂ ಒಣಗದೆ ಮುಗ್ಗಲು ವಾಸನೆ ಬರುತ್ತದಲ್ಲ, ಆ ಹವೆ. ಜಪಾನಿನ ಕುಶಲಕರ್ಮಿಗಳು ಅಂಥ ಹವೆಯನ್ನು ಪೆಟ್ಟಿಗೆಯೊಳಗೆ ತಯಾರಿಸಿಕೊಳ್ಳುತ್ತಾರೆ. ಮರದ ಕಪಾಟಿನ ಒಳಮೈಗೆ ನೀರು ಚಿಮುಕಿಸಿ ಅದರಲ್ಲಿ ಪಾತ್ರೆ ಇಡುತ್ತಾರೆ. ಅದಕ್ಕೆ ‘ಫುರೊ’ ಎನ್ನುತ್ತಾರೆ. ಸ್ನಾನದ ತೊಟ್ಟಿಗೂ ಅವರಲ್ಲಿ ಅದೇ ಶಬ್ದ.

ಇದು ತಿಳಿಯದೆ ನಾನು ಮಾಡಿಕೊಂಡ ಫಜೀತಿಯನ್ನು ಹೇಳಿಬಿಡುತ್ತೇನೆ. ನನ್ನ ಚಹಾದ ಬಟ್ಟಲು ಒಡೆದದ್ದು ಸಿಂಕಿನಲ್ಲಿ, ಕುಕ್ಕರಿನ ಮುಚ್ಚಳ ಜಾರಿ ಬಿದ್ದು. ಮೂರು ಚೂರು, ಅಂಚಿನಲ್ಲಿ ಕಿರುಬೆರಳ ಉಗುರಿನಷ್ಟು ಚಕ್ಕೆ ನಾಪತ್ತೆ. ಉರುಶಿಯ ಸಣ್ಣ ಟ್ಯೂಬ್ ತರಿಸಿಕೊಂಡು ಚೂರುಗಳನ್ನು ಅಂಟಿಸಿದೆ. ಆಗ ಬೆಂಗಳೂರಿನ ಮಾರ್ಚ್ ತಿಂಗಳು, ತುಟಿ ಒಡೆಯುವಂಥ ಒಣಹವೆ. ಬೇಗ ಒಣಗಲಿ ಎಂದು ಬಟ್ಟಲನ್ನು ಕಿಟಕಿಯ ಬಳಿ, ಗಾಳಿಗೆ ಇಟ್ಟೆ. ಮೂರು ವಾರ ಬಿಟ್ಟು ಮುಟ್ಟಿ ನೋಡಿದರೆ ಚೂರುಗಳು ಒಂದರ ಮೇಲೊಂದು ಜಾರಿದವು, ಬೆಲ್ಲದ ಪಾಕ ಸವರಿದ ಹಾಗೆ. ಮತ್ತೆ ಬಿಡಿಸಿ, ಟರ್ಪೆಂಟೈನ್‌ನಲ್ಲಿ ಒರೆಸಿ, ಮೊದಲಿನಿಂದ ಶುರು. ಈ ಸಲ ರಟ್ಟಿನ ಪೆಟ್ಟಿಗೆಗೆ ಪ್ಲಾಸ್ಟಿಕ್ ಹಾಳೆ ಹೊದೆಸಿ, ಒಳಗೆ ಒದ್ದೆ ಬಟ್ಟೆ ಹರವಿ, ಮೂಲೆಯಲ್ಲಿ ತೇವ ಅಳೆಯುವ ಪುಟ್ಟ ಮೀಟರ್ ಇಟ್ಟೆ.

ಅದರ ನಡುವೆ ಇನ್ನೊಂದು ಪಾಠವೂ ಆಯಿತು. ಮೊದಲ ದಿನ ಕೈಗವಸು ಹಾಕಿಕೊಂಡಿದ್ದೆ, ಆದರೆ ಗವಸು ಮುಗಿಯುವಲ್ಲಿ ಮಣಿಕಟ್ಟು ಬರಿದಾಗಿತ್ತು. ಹತ್ತು ದಿನಗಳವರೆಗೆ ಏನೂ ಇಲ್ಲ. ಹನ್ನೊಂದನೆಯ ದಿನ ಅಲ್ಲಿ ಬಳೆ ತೊಟ್ಟಂತೆ ಕೆಂಪು ಗುಳ್ಳೆಗಳ ಸಾಲು, ರಾತ್ರಿ ನಿದ್ದೆ ಕೆಡಿಸುವ ತುರಿಕೆ. ಉರುಶಿಯಾಲ್ ಚರ್ಮವನ್ನು ಸುಡುವುದಿಲ್ಲ; ಚರ್ಮಕ್ಕೆ ಅಂಟಿ, ದೇಹದ ರಕ್ಷಣಾ ವ್ಯವಸ್ಥೆಯನ್ನು ಕೆರಳಿಸುತ್ತದೆ. ಮೊದಲ ಸಲ ದೇಹ ಅದನ್ನು ಗುರುತಿಟ್ಟುಕೊಳ್ಳಲು ಸಮಯ ಹಿಡಿಯುತ್ತದೆ, ಎರಡನೆಯ ಸಲದಿಂದ ಒಂದೆರಡು ದಿನಕ್ಕೇ ಗುಳ್ಳೆ. ಕೇರು ಹತ್ತಿದವರಿಗೆ, ಹೊಳಗೇರು ಮರದ ಬಳಿ ಹೋಗಿ ಮೈ ಊದಿಸಿಕೊಂಡವರಿಗೆ ಆಗುವುದೂ ಇದೇ ಬಗೆಯ ಕೆರಳಿಕೆ. ಆದ್ದರಿಂದ ಆ ಜಾತಿಯ ಸೊನೆ ತಮಗೆ ಆಗುವುದಿಲ್ಲ ಎಂದು ಗೊತ್ತಿರುವವರು ಈ ವಿದ್ಯೆಗೆ ಕೈ ಹಾಕುವ ಮುನ್ನ ಎರಡು ಸಲ ಯೋಚಿಸಬೇಕು. ಉಳಿದವರು ಉದ್ದ ತೋಳಿನ ಅಂಗಿ, ಗವಸು, ಮತ್ತೆ ಕೈಗೆಟಕುವಲ್ಲಿ ಅಡುಗೆ ಎಣ್ಣೆ ಇಟ್ಟುಕೊಳ್ಳಬೇಕು. ಸೊನೆ ತಾಗಿದ ಕೂಡಲೇ ನೀರು ಹಾಕಿ ಉಜ್ಜಿದರೆ ಪ್ರಯೋಜನವಿಲ್ಲ. ಮೊದಲು ಎಣ್ಣೆ ಹಚ್ಚಿ ಒರೆಸಬೇಕು, ಆಮೇಲೆ ಸೋಪು. ಹಲಸಿನ ಹಣ್ಣು ಬಿಡಿಸುವ ಮೊದಲು ಅಂಗೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುವ ಬುದ್ಧಿವಂತಿಕೆಯೇ ಇಲ್ಲಿಯೂ ಕೆಲಸಕ್ಕೆ ಬರುತ್ತದೆ. ಪೂರ್ತಿ ಗಟ್ಟಿಯಾದ ಉರುಶಿ ಮಾತ್ರ ನಿರುಪದ್ರವಿ. ಜಪಾನಿನಲ್ಲಿ ಸಾರು ಕುಡಿಯುವ ಮರದ ಬಟ್ಟಲುಗಳಿಗೆ ಹಚ್ಚಿರುವುದು ಅದನ್ನೇ.

ಇನ್ನು ಕೆಲಸ. ಮೊದಲು ಚೂರುಗಳನ್ನು ತೊಳೆದು, ಪೂರ್ತಿ ಒಣಗಿಸಿ, ಅಂಟಿಲ್ಲದೆ ಒಮ್ಮೆ ಜೋಡಿಸಿ ನೋಡಬೇಕು, ಯಾವುದರ ನಂತರ ಯಾವುದು ಎಂದು ಮನಸ್ಸಿನಲ್ಲಿ ಮೂಡುವವರೆಗೆ. ತಪ್ಪು ಕ್ರಮದಲ್ಲಿ ಅಂಟಿಸಿದರೆ ಕೊನೆಯ ಚೂರು ಒಳಗೆ ಹೋಗುವುದಿಲ್ಲ. ಒಡೆದ ಅಂಚಿನ ಚೂಪನ್ನು ಸಣ್ಣ ಅರದಿಂದ ತುಸುವೇ ತುಸು ಬೋಳಿಸುತ್ತಾರೆ, ಉರುಶಿಗೆ ಕೂರಲು ಜಾಗ ಸಿಗಲೆಂದು. ಆಮೇಲೆ ಆ ಒರಟು ಅಂಚುಗಳಿಗೆ ತೆಳುವಾದ ಹಸಿ ಉರುಶಿ ಕುಡಿಸಿ, ಹೆಚ್ಚಾದದ್ದನ್ನು ಒರೆಸಿ ತೆಗೆದು, ಫುರೊದಲ್ಲಿ ಇಡುತ್ತಾರೆ. ಹೀಗೆ ಮಾಡದಿದ್ದರೆ ಮಣ್ಣು ಮುಂದೆ ಹಚ್ಚುವ ಅಂಟಿನ ಜೀವವನ್ನೆಲ್ಲ ಹೀರಿಕೊಂಡು ಜೋಡಣೆ ಬರಡಾಗುತ್ತದೆ. ಗೋಡೆಗೆ ಬಣ್ಣ ಬಳಿಯುವವರು ಮೊದಲು ಪ್ರೈಮರ್ ಹೊಡೆಯುವುದು ಇದಕ್ಕೇ ತಾನೆ.

ಅಂಟು ಕಲಸುವುದು ನನಗೆ ಇಡೀ ಕೆಲಸದಲ್ಲಿ ತೀರಾ ಇಷ್ಟವಾದ ಭಾಗ. ಗಾಜಿನ ಹಲಗೆಯ ಮೇಲೆ ಚಿಟಿಕೆ ಗೋಧಿ ಹಿಟ್ಟು, ಅದಕ್ಕೆ ಹನಿ ಹನಿಯಾಗಿ ನೀರು. ಚಪ್ಪಟೆ ಕಡ್ಡಿಯಿಂದ ನಾದುತ್ತಾ ಹೋದರೆ ಪುಟ್ಟ ಕಣಕವಾಗುತ್ತದೆ. ಹದ ಎಷ್ಟು ಎಂದರೆ ಕಿವಿಯ ಹಾಲೆಯಷ್ಟು ಮೆತ್ತಗೆ. ಜಪಾನಿನವರು ಹಿಟ್ಟಿನ ಹದಕ್ಕೆ ಹೇಳುವ ಮಾತು ಅದು, ನಾನು ನಿಜವಾಗಿಯೂ ಒಂದು ಕೈಯಿಂದ ಕಿವಿ ಮುಟ್ಟಿ ನೋಡಿಕೊಂಡೆ (ಉರುಶಿ ಇನ್ನೂ ಬೆರೆಸಿರಲಿಲ್ಲ, ಪುಣ್ಯ). ಆಮೇಲೆ ಹಿಟ್ಟಿನಷ್ಟೇ ಪ್ರಮಾಣದ ಹಸಿ ಉರುಶಿ. ಹಾಲು ಹಾಕಿದ ಚಹಾದ ಬಣ್ಣದ್ದು ಕಲಸುತ್ತಾ ಕಲಸುತ್ತಾ ಗಾಳಿ ಸೋಕಿ ಕಾಫಿ ಪುಡಿಯ ಬಣ್ಣಕ್ಕೆ ತಿರುಗುತ್ತದೆ. ಹುಳಿ ಬೆರೆತ ಒಂದು ಮಣ್ಣಿನ ವಾಸನೆ ಏಳುತ್ತದೆ. ಕಡ್ಡಿ ಮೇಲೆತ್ತಿದರೆ ಜೇನಿನಂತೆ ನೂಲು ನೂಲಾಗಿ ಎಳೆಯಬೇಕು. ತುಂಡಾದರೆ ಇನ್ನೂ ನಾದಬೇಕು. ನೂಲೆಳೆಯುವುದು ಗೋಧಿಯ ಅಂಟಿನಂಶದ ಗುಣ. ಚಪಾತಿ ಹಿಟ್ಟಿಗೆ ಜಿಗುಟು ಬರುವುದು ಯಾವುದರಿಂದಲೋ ಅದೇ ಇಲ್ಲಿ ಉರುಶಿಯನ್ನು ಹಿಡಿದು ನಿಲ್ಲಿಸುತ್ತದೆ, ಚೂರುಗಳು ಜಾರದಂತೆ ನೋಡಿಕೊಳ್ಳುತ್ತದೆ. ಇದಕ್ಕೆ ‘ಮುಗಿ ಉರುಶಿ’, ಗೋಧಿ ಉರುಶಿ, ಎಂದು ಹೆಸರು.

ಅದನ್ನು ಎರಡೂ ಅಂಚುಗಳಿಗೆ ಕಾಗದದಷ್ಟು ತೆಳುವಾಗಿ ಸವರಬೇಕು. ದಪ್ಪ ಹಚ್ಚಿದರೆ ಗಟ್ಟಿ ಎಂಬುದು ಅಂಟಿನ ವಿಷಯದಲ್ಲಿ ಎಲ್ಲರೂ ಮಾಡುವ ತಪ್ಪು. ದಪ್ಪಗಿದ್ದರೆ ಒಳಗಿನವರೆಗೆ ಗಾಳಿ ತಲುಪುವುದಿಲ್ಲ. ಜೊತೆಗೆ ಬಟ್ಟಲಿನ ಸುತ್ತಳತೆಯೇ ಹೆಚ್ಚಿಬಿಟ್ಟು ಚೂರುಗಳು ಕೂಡುವುದಿಲ್ಲ. ಸವರಿದ ಮೇಲೆ ಸ್ವಲ್ಪ ಹೊತ್ತು ಬಿಟ್ಟು, ಒತ್ತಿ ಕೂಡಿಸಿ, ಕಾಗದದ ಟೇಪ್ ಸುತ್ತಿ ಪೆಟ್ಟಿಗೆಯೊಳಗಿಟ್ಟರೆ ಎರಡು ವಾರ, ಮನಸ್ಸಿದ್ದರೆ ಮೂರು. ಜೋಡಣೆಯ ಒಳಭಾಗಕ್ಕೆ ಗಾಳಿ ಹೋಗುವ ದಾರಿ ಬಿರುಕಿನ ಬಾಯಿಯೊಂದೇ. ಅವಸರಪಟ್ಟರೆ ಏನಾಗುತ್ತದೆ ಎಂದು ಆಗಲೇ ಹೇಳಿದೆ.

ನಾಪತ್ತೆಯಾದ ಚಕ್ಕೆಯ ಜಾಗಕ್ಕೆ ತುಂಬುವುದು ಬೇರೆ ಬಗೆಯದು. ಗುಂಡಿ ಆಳವಿದ್ದರೆ ಗೋಧಿ ಉರುಶಿಗೆ ಮರದ ಹುಡಿ, ಹತ್ತಿಯ ಎಳೆ ಸೇರಿಸಿ ಮೆತ್ತುತ್ತಾರೆ. ಮೇಲ್ಮಟ್ಟಕ್ಕೆ ‘ತೊನೊಕೊ’ ಎಂಬ ನುಣ್ಣನೆಯ ಮಣ್ಣಿನ ಪುಡಿಯನ್ನು ನೀರಿನಲ್ಲಿ ಕಲಸಿ, ಉರುಶಿ ಬೆರೆಸಿ, ಬೆಣ್ಣೆಯ ಹದಕ್ಕೆ ತಂದು ಸವರುತ್ತಾರೆ. ಅದೂ ಒಂದೇ ಸಲಕ್ಕೆ ಅಲ್ಲ, ತೆಳುಪದರದ ಮೇಲೆ ತೆಳುಪದರ, ಪ್ರತಿ ಪದರಕ್ಕೂ ಒಂದೆರಡು ದಿನ. ನಂತರ ನೀರು ಹಚ್ಚಿ ಉಪ್ಪು ಕಾಗದದಿಂದ ತಿಕ್ಕುವುದು. ಸರಿಯಾಗಿದೆಯೇ ಎಂದು ನೋಡಲು ಕಣ್ಣನ್ನು ನಂಬಬೇಡಿ. ಕಣ್ಣು ಮುಚ್ಚಿ ಬೆರಳ ತುದಿ ಆಡಿಸಿ. ಎಲ್ಲಿ ಬಿರುಕು ಇತ್ತೆಂದು ಬೆರಳಿಗೆ ತಿಳಿಯಬಾರದು. ಈ ಹಂತದಲ್ಲಿ ಉಳಿದ ಸಣ್ಣ ತಗ್ಗು ಚಿನ್ನ ಬಿದ್ದ ಮೇಲೆ ಸಣ್ಣದಾಗಿ ಕಾಣುವುದಿಲ್ಲ.

ಆಮೇಲೆ ಕಪ್ಪು ಉರುಶಿಯ ಗೆರೆ. ಕಪ್ಪು ಬರುವುದು ಮಸಿಯಿಂದಲ್ಲ. ಸಂಸ್ಕರಿಸುವಾಗ ಕಬ್ಬಿಣದ ಅಂಶ ಸೇರಿಸಿದರೆ ಅದು ಉರುಶಿಯಾಲ್ ಜೊತೆ ಕೂಡಿ ಸೊನೆಯೇ ಕಪ್ಪಾಗುತ್ತದೆ. ಅಳಲೆಕಾಯಿಯ ಕಷಾಯಕ್ಕೆ ಕಬ್ಬಿಣ ಬಿದ್ದರೆ ಕಪ್ಪಾಗುವುದಿಲ್ಲವೇ, ಹಾಗೆ. ಉರುಶಿಯ ಕಪ್ಪಿಗೆ ಇರುವ ಆಳ, ಬಾವಿಗೆ ಇಣುಕಿದಂಥದ್ದು, ಬೇರೆ ಬಣ್ಣಗಳಲ್ಲಿ ಕಾಣದಿರುವುದು ಇದರಿಂದಲೇ. ತೆಳುವಾಗಿ ಹಚ್ಚುವುದು, ಗಟ್ಟಿಯಾಗಲು ಬಿಡುವುದು, ಇದ್ದಿಲಿನಿಂದ ತಿಕ್ಕುವುದು, ಮತ್ತೆ ಹಚ್ಚುವುದು. ಎರಡು ಮೂರು ಸಲ. ತೇವ ಮಿತಿಮೀರಿದ್ದು ಪದರವೂ ದಪ್ಪವಾಗಿದ್ದರೆ ಮೇಲ್ಮೈ ಮೊದಲೇ ಬಿಗಿದುಕೊಂಡು, ಕಾಯಿಸಿಟ್ಟ ಹಾಲಿನ ಕೆನೆಯಂತೆ ಸುಕ್ಕುಗಟ್ಟುತ್ತದೆ. ಹಾಗಾದರೆ ಕೆರೆದು ತೆಗೆಯುವುದೊಂದೇ ದಾರಿ. ಕುಂಚದ ವಿಷಯದಲ್ಲಿ ಒಂದು ಎಚ್ಚರಿಕೆ: ಕೆಲಸ ಮುಗಿದ ಮೇಲೆ ಅದನ್ನು ತೊಳೆಯುವುದು ಅಡುಗೆ ಎಣ್ಣೆಯಲ್ಲಿ, ಮತ್ತೆ ಬಳಸುವ ಮೊದಲು ಆ ಎಣ್ಣೆಯನ್ನು ಟರ್ಪೆಂಟೈನ್‌ನಿಂದ ಪೂರ್ತಿ ತೆಗೆಯಬೇಕು. ಒಂದು ಹನಿ ಎಣ್ಣೆ ಉಳಿದರೂ ಹಚ್ಚಿದ ಗೆರೆ ಗಟ್ಟಿಯಾಗುವುದಿಲ್ಲ.

ಕೊನೆಗೂ ಚಿನ್ನದ ಸರದಿ. ಬೆಕ್ಕಿನ ಕೂದಲಿನಿಂದ ಮಾಡಿದ ಎಳೆಯಂಥ ಕುಂಚದಲ್ಲಿ, ಕಬ್ಬಿಣದ ತುಕ್ಕಿನ ಕೆಂಪು ಬೆರೆಸಿದ ಉರುಶಿಯಿಂದ ಬಿರುಕಿನ ಜಾಡಿನಲ್ಲಿ ಗೆರೆ ಎಳೆಯುತ್ತಾರೆ. ಕೆಂಪು ಏಕೆಂದರೆ ಅದರ ಮೇಲೆ ಚಿನ್ನದ ಬಣ್ಣ ಬೆಚ್ಚಗೆ ಕಾಣುತ್ತದೆ, ಎಲ್ಲಿ ಹಚ್ಚಿದೆ ಎಲ್ಲಿ ಬಿಟ್ಟಿದೆ ಎಂಬುದೂ ತಿಳಿಯುತ್ತದೆ. ಗೆರೆ ಎಷ್ಟು ತೆಳುವೋ ಅಷ್ಟು ಒಳ್ಳೆಯದು. ಈಗ ಕಾಯಬೇಕು; ವಾರ ಅಲ್ಲ, ಕೆಲವು ನಿಮಿಷ. ಪೂರ್ತಿ ಹಸಿಯಾಗಿದ್ದಾಗ ಪುಡಿ ಉದುರಿಸಿದರೆ ಚಿನ್ನ ಮುಳುಗಿ ಹೋಗಿ ಮಂಕಾಗುತ್ತದೆ, ತಡವಾದರೆ ಅಂಟುವುದೇ ಇಲ್ಲ. ಹದ ತಿಳಿಯುವ ಉಪಾಯ ಚೆಂದದ್ದು. ಬಟ್ಟಲನ್ನು ಬಾಯಿಯ ಹತ್ತಿರ ತಂದು ‘ಹಾ’ ಎಂದು ಬೆಚ್ಚನೆಯ ಉಸಿರು ಬಿಡಬೇಕು. ಗೆರೆಯ ಮೇಲೆ ಒಂದು ಕ್ಷಣ ನಸುನೀಲಿ ಮಂಜು ಮೂಡಿ ಮಾಯವಾದರೆ ಹೊತ್ತು ಬಂದಿದೆ ಎಂದರ್ಥ. ರೇಷ್ಮೆಯ ಹಿಂಜಿದ ಎಳೆಗಳ ಉಂಡೆಗೆ ಚಿನ್ನದ ಪುಡಿ ಹಿಡಿಸಿ ಗೆರೆಯ ಮೇಲೆ ಮೆಲ್ಲಗೆ ತಟ್ಟುತ್ತಾ ಹೋಗುವುದು, ಅಷ್ಟೇ. ಪುಡಿ ಮೈದಾಕ್ಕಿಂತ ನುಣುಪು. ಚಿನ್ನದ ಹಾಳೆಯನ್ನು ಅರೆದು ಮಾಡಿದ್ದು. ನನ್ನ ಬಟ್ಟಲಿಗೆ ಹಿಡಿಸಿದ್ದು ಒಂದು ಗ್ರಾಮಿನ ಹತ್ತನೆಯ ಒಂದು ಪಾಲಿಗಿಂತ ಕಡಿಮೆ. ಆಗ ಫ್ಯಾನ್ ಆರಿಸಿರಬೇಕು, ಸೀನು ಬರಬಾರದು. ದಪ್ಪ ಕಣದ ಚಿನ್ನವಾದರೆ ಮೇಲೆ ಮತ್ತೆ ತೆಳು ಉರುಶಿ ಕುಡಿಸಿ, ಗಟ್ಟಿಯಾದ ಮೇಲೆ ಹೊಳಪು ಕೊಡಬೇಕು. ಹೊಳಪಿಗೆ ನುಣುಪಾದ ಅಕೀಕು ಕಲ್ಲು, ಇಲ್ಲವೇ ‘ತಾಯ್’ ಎಂಬ ಕಡಲ ಮೀನಿನ ಹಲ್ಲು. ಹೌದು, ಹಲ್ಲನ್ನೇ ಹಿಡಿಗೆ ಕೂರಿಸಿದ ಉಪಕರಣವದು.

ಬಟ್ಟಲು ಒಡೆದ ದಿನದಿಂದ ಲೆಕ್ಕ ಹಾಕಿದರೆ ಎರಡು ಮೂರು ತಿಂಗಳು ಸಾಮಾನ್ಯ. ಅದರಲ್ಲಿ ಕೈ ಆಡಿಸುವ ಹೊತ್ತು ಒಟ್ಟು ಏಳೆಂಟು ಗಂಟೆ ಇದ್ದೀತು. ಮಿಕ್ಕಿದ್ದೆಲ್ಲ ಸೊನೆ ತನ್ನ ಪಾಡಿಗೆ ಗಟ್ಟಿಯಾಗುವ ಸಮಯ.

ಈ ವಿದ್ಯೆಯ ಹುಟ್ಟಿನ ಬಗ್ಗೆ ಎಲ್ಲೆಡೆ ಕೇಳಿಬರುವ ಕಥೆ ಹೀಗಿದೆ: 15ನೆಯ ಶತಮಾನದ ಶೋಗನ್ (ಜಪಾನನ್ನು ಆಳುತ್ತಿದ್ದ ಸೇನಾಧಿಪತಿ) ಅಶಿಕಾಗಾ ಯೋಶಿಮಾಸನ ಅಚ್ಚುಮೆಚ್ಚಿನ ಚೀನೀ ಬಟ್ಟಲು ಬಿರುಕು ಬಿಟ್ಟಿತು. ಇಂಥದ್ದೇ ಇನ್ನೊಂದು ಕೊಡಿ ಎಂದು ಚೀನಾಕ್ಕೆ ಕಳಿಸಿದ. ಈಗ ಅಂಥ ಬಟ್ಟಲು ನಮ್ಮಲ್ಲೂ ಇಲ್ಲ ಎಂದು ಅವರು ಅದನ್ನೇ ಲೋಹದ ಕೊಂಡಿಗಳಿಂದ ಹೊಲಿದು ವಾಪಸು ಕಳಿಸಿದರು. ಅದು ವಿಕಾರವಾಗಿ ಕಂಡದ್ದರಿಂದ ಜಪಾನಿನ ಕುಶಲಕರ್ಮಿಗಳು ಚಿನ್ನದ ಜೋಡಣೆ ಕಂಡುಹಿಡಿದರು. ಕಥೆಯ ಮೊದಲರ್ಧಕ್ಕೆ ಆಧಾರವಿದೆ. ಇತೋ ತೋಗಾಯ್ ಎಂಬ ವಿದ್ವಾಂಸ 1727ರಲ್ಲಿ ಅದನ್ನು ಬರೆದಿಟ್ಟಿದ್ದಾನೆ. ಹಸಿರುನೀಲಿ ಮೆರುಗಿನ ಆ ಬಟ್ಟಲು ಇಂದು ಟೋಕಿಯೊ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಆದರೆ ಅದರ ಮೈಮೇಲೆ ಚಿನ್ನವಿಲ್ಲ, ಕೊಂಡಿಗಳೇ ಇವೆ! ವಿಕಾರ ಎನ್ನುವುದಿರಲಿ, ದೊಡ್ಡ ಮಿಡತೆ ಕೂತಂತೆ ಕಾಣುವ ಆ ಕೊಂಡಿಗಳಿಂದಲೇ ಅದಕ್ಕೆ ‘ಬಕೋಹಾನ್’ ಎಂಬ ಹೆಸರು ಬಂದು, ಮೊದಲಿಗಿಂತ ಹೆಚ್ಚು ಬೆಲೆ ಕಟ್ಟಿದರು. ಕಥೆಯ ಎರಡನೆಯ ಅರ್ಧವನ್ನು ಯಾರೋ ಆಮೇಲೆ ಅಂಟಿಸಿರಬೇಕು, ಉರುಶಿ ಬಳಸದೆ.

ನಿಜ ಸಂಗತಿ ಇಷ್ಟು ನಾಟಕೀಯವಲ್ಲ. ಒಡೆದ ಮಡಕೆಯನ್ನು ಉರುಶಿಯಿಂದ ಅಂಟಿಸಿದ ಗುರುತುಗಳು ಸಾವಿರಾರು ವರ್ಷ ಹಿಂದಿನ ಜೋಮೊನ್ ಕಾಲದ ಪಾತ್ರೆಗಳಲ್ಲೇ ಸಿಕ್ಕಿವೆ. ಹಸಿ ಉರುಶಿಯ ಮೇಲೆ ಚಿನ್ನದ ಪುಡಿ ಉದುರಿಸಿ ಚಿತ್ತಾರ ಬಿಡಿಸುವ ‘ಮಾಕಿಯೆ’ ಕಲೆ ಹೇಯಾನ್ ಯುಗದ (794–1185) ಹೊತ್ತಿಗೆ ಬೆಳೆದು ನಿಂತಿತ್ತು. ಅಂಟು ಇತ್ತು, ಪುಡಿ ಇತ್ತು. ಬೇಕಾಗಿದ್ದದ್ದು ಬಿರುಕನ್ನು ಬಚ್ಚಿಡುವ ಬದಲು ತೋರಿಸುವ ಧೈರ್ಯ. ಅದು ಬಂದದ್ದು ಚಹಾಗೋಷ್ಠಿಯ ರಸಿಕರಿಂದ. ಹೊನಾಮಿ ಕೋಯೆತ್ಸು (1558–1637) ಮಾಡಿದ ‘ಸೆಪ್ಪೊ’, ಅಂದರೆ ಹಿಮಶಿಖರ ಎಂಬ ಕೆಂಪು ಬಟ್ಟಲು ಟೋಕಿಯೊದ ಹತಾಕೆಯಾಮಾ ಸಂಗ್ರಹದಲ್ಲಿದೆ. ಅದು ಕೈಜಾರಿ ಒಡೆದದ್ದಲ್ಲ, ಸುಡುವಾಗಲೇ ಸೀಳಿದ್ದು. ಸೀಳುಗಳಿಗೆ ಚಿನ್ನ ತುಂಬಿದ್ದಾರೆ. ಬಾಯಿಯ ಬಳಿ ಬಿಳಿ ಮೆರುಗು ಹಿಮದಂತೆ ಕೂತಿದೆ, ಚಿನ್ನದ ಗೆರೆಗಳು ಕರಗಿದ ಹಿಮದ ನೀರಿನಂತೆ ಕೆಳಗಿಳಿಯುತ್ತವೆ. ಬಟ್ಟಲು ನೆಟ್ಟಗಿದ್ದಿದ್ದರೆ ಆ ಹೆಸರು ಅಷ್ಟು ಒಪ್ಪುತ್ತಿರಲಿಲ್ಲ.

‘ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು’ ಎನ್ನುವ ನಾಡಿನವರು ನಾವು. ಒಡೆದ ಪಾತ್ರೆ ಮನೆಯಲ್ಲಿರಬಾರದು ಎಂದು ಅಜ್ಜಿಯರು ಹಿತ್ತಿಲಿಗೆ ಎಸೆಯುತ್ತಿದ್ದರು. ಹೀಗಾಗಿ ಕಿಂತ್ಸುಗಿಯನ್ನು ಇತ್ತೀಚೆಗೆ ಒಡೆದ ಮನಸ್ಸಿಗೆ ಮದ್ದು ಎಂಬಂತೆ ಮಾರುವುದು ನಮ್ಮಲ್ಲೂ ಸುಲಭವಾಗಿ ನಡೆಯುತ್ತದೆ. ನನಗೆ ಆ ಮಾತುಗಳು ಅಷ್ಟಾಗಿ ಹಿಡಿಸುವುದಿಲ್ಲ. ಮಣಿಕಟ್ಟಿನ ತುರಿಕೆಯೊಂದಿಗೆ ಮೂರು ರಾತ್ರಿ ಕಳೆದವರು ಯಾರೂ ಇದನ್ನು ಉಪಮೆ ಎನ್ನಲಾರರು.

ಇನ್ನು ಪೇಟೆಯಲ್ಲಿ ಸಿಗುವ ‘ಒಂದೇ ದಿನದ ಕಿಂತ್ಸುಗಿ’ ಪೆಟ್ಟಿಗೆಗಳು. ಅವುಗಳಲ್ಲಿ ಹೆಚ್ಚಿನವು ಎಪಾಕ್ಸಿ ಅಂಟು, ಹೊನ್ನಿನ ಬಣ್ಣದ ಹಿತ್ತಾಳೆ ಪುಡಿ. ಹೂದಾನಿಗೆ, ಗೋಡೆಯ ಅಲಂಕಾರಕ್ಕೆ ಆದೀತು. ಅನ್ನ, ಸಾರು, ಚಹಾ ಹಾಕುವ ಪಾತ್ರೆಗೆ, ಆಹಾರಕ್ಕೆ ಯೋಗ್ಯ ಎಂದು ಸ್ಪಷ್ಟವಾಗಿ ಬರೆಯದ ಎಪಾಕ್ಸಿ ಬೇಡ. ಉರುಶಿಯಿಂದಲೇ ಮಾಡಿದ್ದಾದರೂ ಮೈಕ್ರೊವೇವ್‌ಗೆ ಇಡುವಂತಿಲ್ಲ, ಚಿನ್ನ ಕಿಡಿ ಹಾರಿಸುತ್ತದೆ. ಪಾತ್ರೆ ತೊಳೆಯುವ ಯಂತ್ರ, ಒಲೆಯ ಉರಿ, ತಂತಿ ಉಜ್ಜುಗ ಇವೂ ಬೇಡ. ಮೆತ್ತನೆಯ ಬಟ್ಟೆಯಲ್ಲಿ ತೊಳೆದು ಒರೆಸಿದರೆ ಸಾಕು.

ನನ್ನ ಬಟ್ಟಲಿನ ಗೆರೆ ಒಂದೆಡೆ ದಪ್ಪ, ಒಂದೆಡೆ ಸಣ್ಣ. ಅಂಚಿನ ಚಕ್ಕೆ ತುಂಬಿದಲ್ಲಿ ಚಹಾ ಕುಡಿಯುವಾಗ ತುಟಿಗೆ ಸಣ್ಣ ಉಬ್ಬು ತಾಗುತ್ತದೆ. ಅದನ್ನು ನೋಡಿದ ಎದುರುಮನೆಯವರು ಅವರ ಅತ್ತೆಯ ಕಾಲದ ಉಪ್ಪಿನಕಾಯಿ ಭರಣಿಯ ಮುಚ್ಚಳವನ್ನು ನಾಲ್ಕು ಚೂರಾಗಿ ಪತ್ರಿಕೆಯಲ್ಲಿ ಸುತ್ತಿ ತಂದುಕೊಟ್ಟಿದ್ದಾರೆ, ಚಿನ್ನ ಬೇಡ, ಅಂಟಿದರೆ ಸಾಕು ಎಂದು. ಮಳೆ ಹಿಡಿಯಲಿ, ಆಮೇಲೆ ಶುರು ಮಾಡುತ್ತೇನೆ ಎಂದಿದ್ದೇನೆ.